ಗಂಟಿನೊಳಗಿನ ನೊಣ: ಸೆಸಿಡೋಕೇರಿಸ್

ಹಣ್ಣುನೊಣ ಎಂದೊಡನೆ ಕೊಂಕಣದ ಆಪೂಸ್ ಮಾವಿನೊಳಗೆ ಹುಳು ಕಂಡು ಮುಖ ಸಿಂಡರಿಸಿದವರೇ ನಮ್ಮಲ್ಲಿ ಹೆಚ್ಚು. ಆದರೆ ಟೆಫ್ರಿಟಿಡೇ ಎಂಬ ಈ ದೊಡ್ಡ ಕುಟುಂಬದ ಎಲ್ಲ ಸದಸ್ಯರೂ ಹಣ್ಣಿಗೆ ಬಾಯಿ ಹಾಕುವುದಿಲ್ಲ. ಸೂರ್ಯಕಾಂತಿ ಬಳಗದ ಗಿಡಗಳ ಕಾಂಡದಲ್ಲಿಯೋ ಹೂವಿನ ತಲೆಯಲ್ಲಿಯೋ ಗಂಟು ಬರಿಸಿ, ಆ ಗಂಟನ್ನೇ ಮನೆಯನ್ನಾಗಿಯೂ ಆಹಾರವನ್ನಾಗಿಯೂ ಮಾಡಿಕೊಳ್ಳುವ ನೊಣಗಳು ಇದರಲ್ಲಿ ಅನೇಕ. ಸೆಸಿಡೋಕೇರಿಸ್ ಅಂತಹ ಒಂದು ಕುಲ. ಹೆಸರಿನ ಮೊದಲ ಭಾಗ ಗಂಟು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು.

ಕೀಟದ ಪ್ರಚೋದನೆಯಿಂದ ಗಿಡ ತನ್ನದೇ ಅಂಗಾಂಶವನ್ನು ಉಬ್ಬಿಸಿಕೊಂಡು ಕಟ್ಟುವ ಈ ಗಂಟು ನಮಗೆ ತೀರ ಅಪರಿಚಿತವೇನಲ್ಲ. ಗ್ರಂಥಿಗೆ ಅಂಗಡಿಯಿಂದ ತಂದು, ತೇಯ್ದು ಎಳೆಗೂಸಿಗೆ ನೆಕ್ಕಿಸುತ್ತಿದ್ದ ಮಾಚಿಕಾಯಿಯನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಇಲ್ಲಿನ ಮರಾಠಿ ನೆರೆಯವರಿಗೆ ಅದು ಮಾಯಫಳ. ಹೆಸರು ಕಾಯಿ ಎಂದಿದ್ದರೂ ಅದು ಕಾಯಿಯಲ್ಲ, ಓಕ್ ಮರದ ಮೇಲೆ ಒಂದು ಬಗೆಯ ಕಣಜ ಬರಿಸಿದ ಗಂಟು. ಸೆಸಿಡೋಕೇರಿಸ್ ಮಾಡುವುದೂ ಇದೇ ಕೆಲಸವನ್ನು, ಆದರೆ ಬೇರೊಂದು ಗಿಡದಲ್ಲಿ.

ಆ ಗಿಡವನ್ನು ನಾವೆಲ್ಲರೂ ಕಂಡಿದ್ದೇವೆ. ಕೊಂಕಣ ರೈಲ್ವೆಯ ಗಾಡಿಗಳು ನಮ್ಮ ದಿವಾದಲ್ಲಿ ಮುಖ್ಯ ಮಾರ್ಗವನ್ನು ಬಿಟ್ಟು ಪನ್ವೇಲ್‌ನತ್ತ ತಿರುಗುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸಾಗಿ ಕರಾವಳಿ ಸಮೀಪಿಸಿದಂತೆ ಹಳಿಯ ಇಕ್ಕೆಲದಲ್ಲಿ ಆಳೆತ್ತರದ ಪೊದೆಗಳು, ಚಳಿಗಾಲದಲ್ಲಿ ಅವುಗಳ ತುಂಬ ಬಿಳಿ ನೇರಳೆಯ ನಸು ಹೂಗಳು. ಮಹಾರಾಷ್ಟ್ರದಲ್ಲಿ ಇದು ರಾನಮೋಡಿ, ಅಂದರೆ ಕಾಡನ್ನು ಮುರಿಯುವುದು. ನಮ್ಮ ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ, ಕೇರಳದಲ್ಲಿ ಕಮ್ಯುನಿಸ್ಟ್ ಪಚ್ಚ. ಶಾಸ್ತ್ರೀಯ ನಾಮ ಕ್ರೊಮೊಲೀನ ಓಡೊರೇಟ. ಅಮೆರಿಕ ಖಂಡದ ಈ ಸಸ್ಯ 1840ರ ದಶಕದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನವನ್ನು ಪ್ರವೇಶಿಸಿ, ಅಲ್ಲಿಂದ ತಪ್ಪಿಸಿಕೊಂಡು ದೇಶವನ್ನೇ ವ್ಯಾಪಿಸಿತು. ಗಾಳಿಗೆ ಹಾರುವ ಬೀಜ, ಕಡಿದಷ್ಟೂ ಬುಡದಿಂದ ಚಿಗುರುವ ಸ್ವಭಾವ, ಬೇಸಗೆಯಲ್ಲಿ ಒಣಗಿ ಬೆಂಕಿಗೆ ಉರುವಲಾಗುವ ಕಾಂಡ: ಗೇರು, ರಬ್ಬರು ತೋಟಗಳ ಒಡೆಯರಿಗೂ ಅರಣ್ಯ ಇಲಾಖೆಗೂ ಇದೊಂದು ತೀರದ ತಲೆನೋವು.

ತವರಿನಲ್ಲಿ ಇದನ್ನು ಹದ್ದಿನಲ್ಲಿಡುವ ಶತ್ರುಗಳಿದ್ದವು. ಇಲ್ಲಿಗೆ ಅದು ಒಂಟಿಯಾಗಿ ಬಂದಿತು. ಹಾಗಾದರೆ ಶತ್ರುವನ್ನೂ ಕರೆತರೋಣ ಎಂಬುದೇ ಜೈವಿಕ ನಿಯಂತ್ರಣದ ತರ್ಕ. 1970ರ ದಶಕದಲ್ಲಿ ಎಲೆ ತಿನ್ನುವ ಪತಂಗವೊಂದನ್ನು ತರಲಾಯಿತು. ಅದರ ಫಲ ಸೀಮಿತವಾಗಿಯೇ ಉಳಿಯಿತು. ಆನಂತರ ಸರದಿ ಬಂದುದು ಸೆಸಿಡೋಕೇರಿಸ್ ಕನೆಕ್ಸ ಎಂಬ ಪ್ರಭೇದದ್ದು. ಇಂಡೋನೇಷ್ಯ 1993ರಲ್ಲಿ ಇದನ್ನು ಕೊಲಂಬಿಯದಿಂದ ತರಿಸಿಕೊಂಡು 1995ರಲ್ಲಿ ಬಯಲಿಗೆ ಬಿಟ್ಟಿತ್ತು. ಬೆಂಗಳೂರು ಹೆಬ್ಬಾಳದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ (ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಇಂಡೋನೇಷ್ಯದಿಂದ ನೊಣವನ್ನು ತಂದು, ಸಂಪರ್ಕನಿಷೇಧದಲ್ಲಿಟ್ಟು ಪರೀಕ್ಷಿಸಿ, ಅನುಮತಿ ದೊರೆತ ಮೇಲೆ 2005ರಿಂದ ಕರ್ನಾಟಕದಲ್ಲಿ ಬಿಡುಗಡೆ ಮಾಡಿತು. ಬೆಂಗಳೂರಿನ ಪರಿಸರದಲ್ಲಿ ಅದು ನೆಲೆಯೂರಿತು.

ನೊಣದ ಬದುಕು ಸ್ವಾರಸ್ಯಕರವಾದುದು. ಮನೆನೊಣಕ್ಕಿಂತ ಚಿಕ್ಕದು, ರೆಕ್ಕೆಯ ಮೇಲೆ ಕಪ್ಪು ಪಟ್ಟೆ. ಹೆಣ್ಣು ಎಳೆಯ ಕುಡಿಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಕೊರೆದು ಒಳಸೇರಿದಾಗ ಆ ಭಾಗ ಊದಿಕೊಂಡು ಉದ್ದುದ್ದನೆಯ ಗಂಟಾಗುತ್ತದೆ. ಒಂದೊಂದು ಗಂಟಿನಲ್ಲಿ ಹಲವು ಹುಳುಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಕೋಣೆ. ಗೂಡುಹುಳುವಾಗುವ ಮುನ್ನ ಹುಳು ಒಂದು ಮುಂದಾಲೋಚನೆ ಮಾಡುತ್ತದೆ. ಹೊರಸಿಪ್ಪೆಯ ತೆಳುಪೊರೆಯಷ್ಟನ್ನೇ ಉಳಿಸಿ ದಾರಿ ಕೊರೆದಿಡುತ್ತದೆ. ಕಾರಣ ಸ್ಪಷ್ಟ: ರೆಕ್ಕೆ ಬಂದ ನೊಣಕ್ಕೆ ಕೊರೆಯುವ ಬಾಯಿಯಿಲ್ಲ, ಆ ಪೊರೆಯನ್ನು ದೂಡಿಕೊಂಡು ಹೊರಬರುವುದಷ್ಟೇ ಅದಕ್ಕೆ ಸಾಧ್ಯ. ಮೊಟ್ಟೆಯಿಂದ ನೊಣದವರೆಗೆ ಸುಮಾರು ಎರಡು ತಿಂಗಳು.

ಗಿಡ ಇದರಿಂದ ಕೂಡಲೇ ಸಾಯುವುದಿಲ್ಲ. ಚಿಗುರಿಗೂ ಹೂವಿಗೂ ಹೋಗಬೇಕಾದ ಸತ್ವ ಗಂಟಿಗೆ ಹರಿದು, ಪೊದೆ ಕುಗ್ಗಿ, ಬೀಜ ಕಡಿಮೆಯಾಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಖಾತೆ ಮುಚ್ಚುವ ವ್ಯವಹಾರವಲ್ಲ, ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಹಣ ತೆಗೆಯುವುದು. 2001ರಲ್ಲಿ ನೊಣ ತಲುಪಿದ ಪಾಪುವ ನ್ಯೂಗಿನಿಯಲ್ಲಿ ಹಲವು ಪ್ರಾಂತಗಳ ಕಳೆ ಈ ರೀತಿಯಲ್ಲಿಯೇ ಹತೋಟಿಗೆ ಬಂದು, ಜನರು ಪಾಳುಬಿದ್ದ ಭೂಮಿಯನ್ನು ಮತ್ತೆ ಸಾಗುವಳಿಗೆ ತಂದರು. ನಮ್ಮಲ್ಲಿ ಅಂತಹ ಗೆಲುವು ಕಂಡಿಲ್ಲ.

ಒಂದು ವಿದೇಶಿಯನ್ನು ಅಡಗಿಸಲು ಇನ್ನೊಂದು ವಿದೇಶಿಯನ್ನು ಬಿಡುವುದು ಸರಿಯೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸೂರ್ಯಕಾಂತಿಯ ಬಳಗದ ಇತರ ಬೆಳೆಗಳಿಗೂ ನೊಣ ಏರಿದರೆ ಗತಿಯೇನು? ಪರೀಕ್ಷೆಗಳಲ್ಲಿ ಅದು ಈ ಕಳೆಯನ್ನೇ ಹಿಡಿದುಕೊಂಡಿತೆಂಬುದು ಸಮಾಧಾನದ ಸಂಗತಿ. ತದ್ವಿರುದ್ಧವಾದ ತೊಡಕು ಕಂಡದ್ದು ನೀಲಗಿರಿಯಲ್ಲಿ. ಅಲ್ಲಿನ ಇನ್ನೊಂದು ಕಳೆಗಾಗಿ 1963ರಲ್ಲಿ ನ್ಯೂಜಿಲೆಂಡಿನಿಂದ ತಂದ ಪ್ರೊಸೆಸಿಡೋಕೇರಿಸ್ ಯೂಟಿಲಿಸ್ ಎಂಬ ಹತ್ತಿರದ ಬಂಧುವನ್ನು ಇಲ್ಲಿನ ಪರಾವಲಂಬಿ ಕಣಜಗಳೇ ಬೇಟೆಯಾಡಿ ಬಲಗುಂದಿಸಿದವು.

ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ತೋಟದ ಅಂಚಿನ ಪೊದೆಯಲ್ಲಿ ಇಂತಹ ಗಂಟುಗಳನ್ನು ಕಂಡು, ರೋಗವೆಂದು ಭಾವಿಸಿ, ನಾವೇ ನಿಂತು ಕಡಿಸಿ ಸುಡಿಸಿದೆವು. ಅವು ಯಾವ ಕೀಟದವೆಂದು ಆಗ ವಿಚಾರಿಸಲೇ ಇಲ್ಲ. ಈ ನೊಣವನ್ನು ಹೊಸ ಜಾಗಕ್ಕೆ ಒಯ್ಯುವ ಸುಲಭ ವಿಧಾನವೇ ಬಲಿತ ಗಂಟುಗಳುಳ್ಳ ಕಾಂಡವನ್ನು ಕತ್ತರಿಸಿ ಅಲ್ಲಿನ ಪೊದೆಯ ನೆರಳಿನಲ್ಲಿ ಇಡುವುದು. ಗಂಟಿನ ಮೇಲೆ ಸಾಸಿವೆಯಷ್ಟಗಲದ ತೆಳು ಕಿಟಕಿ ಕಂಡರೆ ಅದು ಬಲಿತಿದೆ ಎಂದರ್ಥ. ಕಿಟಕಿಯ ಜಾಗದಲ್ಲಿ ತೂತಿದ್ದರೆ ನೊಣ ಆಗಲೇ ಹಾರಿಹೋಗಿದೆ.