ಬಾಗಿಲ ಸ್ಪೀಕರಿನ ಚಟಪಟ

ಧನಗೆರೆಯಿಂದ ಕೊಳ್ಳೇಗಾಲಕ್ಕೆ ಹೊರಟ ಕಾರಿನಲ್ಲಿ ಹೊಸದಾಗಿ ಹಾಕಿಸಿದ ಸ್ಪೀಕರು ಹಾಡಿನ ನಡುವೆ ಚಟಪಟಗುಟ್ಟಿದರೆ ಬೈಗುಳ ಸ್ಪೀಕರಿಗೇ. ಈ ಚಟಪಟ ಕಾರ್ ರೇಡಿಯೊದಷ್ಟೇ ಹಳೆಯದು.

ಅಮೆರಿಕದಲ್ಲಿ ‘ಮೊಟೊರೋಲಾ’ ಕಾರ್ ರೇಡಿಯೊ ಬಂದದ್ದು 1930ರಲ್ಲಿ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ‘ಆಕಾಶವಾಣಿ’ ಆರಂಭಿಸಿದ್ದು 1935ರಲ್ಲಿ. ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲಕ್ಕೆ ಅದು ನೆರೆ ಸಂಸ್ಥಾನದ ದನಿ! ಆ ಕಾಲದ ಕಾರ್ ರೇಡಿಯೊಗಳಿಗೆ ಎಂಜಿನ್ನೇ ಶತ್ರು. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಹಾಡಿನೊಳಗೆ ಸಿಡಿಯುತ್ತಿತ್ತು. ರೆಸಿಸ್ಟರ್, ಕಂಡೆನ್ಸರ್ ಜೋಡಿಸಿ ಅದನ್ನು ಅಡಗಿಸಲಾಯಿತು.

ಸ್ಪೀಕರು ಬಾಗಿಲಿಗೆ ಬಂದ ಮೇಲೆ ಕಾಟದ ಜಾಗ ಬದಲಾಯಿತು. ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಕೀಲಿನ ಬಳಿ ಮಡಚಿಕೊಳ್ಳುವ ತಂತಿ, ಮೇಲೆ ನೆಟ್ಟಗಿದ್ದರೂ ಒಳಗೆ ತುಂಡಾಗಿರುತ್ತದೆ. ಬಾಗಿಲು ಆಡಿಸಿದಾಗ ಸದ್ದು ಬಂದು ಹೋದರೆ ಅನುಮಾನ ಅದರ ಮೇಲೆ. 1925ರಲ್ಲಿ ರೈಸ್ ಮತ್ತು ಕೆಲಾಗ್ ರೂಪಿಸಿದ ಮಾದರಿಯಂತೆ ಇಂದಿನ ಸ್ಪೀಕರಿನಲ್ಲೂ ಕಾಂತದ ಕಿರುಸಂದಿಯಲ್ಲಿ ತಂತಿಸುರುಳಿ ಆಡುತ್ತದೆ. ದೂಳು ಹೊಕ್ಕರೆ, ಸ್ಕ್ರೂ ಓರೆಯಾಗಿ ಬಿಗಿದರೆ ಅದು ಉಜ್ಜುತ್ತದೆ. ವಾಲ್ಯೂಮ್ ಏರಿಸಿದಾಗ ಮಾತ್ರ ಒಡಕಾದರೆ ಹಳೆಯ ಸೆಟ್ಟಿನ ಶಕ್ತಿ ಸಾಲುತ್ತಿಲ್ಲವೆಂದೇ ಅನೇಕ ಸಲ ಅರ್ಥ.

ಮತ್ತೊಂದು ಜೋಡಿ ಸ್ಪೀಕರಿಗೆ ದುಡ್ಡು ಸುರಿಯುವ ಮುನ್ನ ಸೆಟ್ಟಿನ ಹಿಂದೆ ಎಡಬಲ ತಂತಿಗಳನ್ನು ಅದಲುಬದಲು ಮಾಡಬೇಕು. ಚಟಪಟ ಇನ್ನೊಂದು ಬಾಗಿಲಿಗೆ ಹೋದರೆ ದೋಷ ಸೆಟ್ಟಿನದು. ಅಲ್ಲೇ ಉಳಿದರೆ ಆ ಬಾಗಿಲಿನ ತಂತಿ ಅಥವಾ ಸ್ಪೀಕರಿನದು.