ಮೋಟಾರ್ ಸೈಕಲ್ ಏರಿದ ಗುಲಾಬಿ ಬಣ್ಣ

ಅಮೆರಿಕದ ಸಾಮಾಜಿಕ ಇತಿಹಾಸವನ್ನು ಬರೆಯುವವರು ಯುದ್ಧ, ಚುನಾವಣೆ, ನ್ಯಾಯಾಲಯದ ತೀರ್ಪುಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಭಾನುವಾರದ ಬೆಳಗಿನಲ್ಲಿ ಹೆದ್ದಾರಿಯ ಮೇಲೆ ಸಾಗುವ ಮೆರವಣಿಗೆಗಳ ಕಡೆ ಕಣ್ಣು ಹಾಯಿಸಿದವರು ಕಡಿಮೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ, ಅಕ್ಟೋಬರ್ ತಿಂಗಳೆಂದರೆ ಬಣ್ಣ ತಿರುಗಿದ ಮೇಪಲ್ ಮರಗಳಷ್ಟೇ ಅಲ್ಲ. ಆ ಮರಗಳ ನಡುವೆ ಗುಡುಗುಡು ಸದ್ದಿನೊಡನೆ ಸಾಗುವ ಮೋಟಾರ್ ಸೈಕಲ್ಲುಗಳ ಸಾಲು, ಕರಿಯ ಚರ್ಮದ ಅಂಗಿಗಳ ಮೇಲೆ ಅಂಟಿಸಿದ ಗುಲಾಬಿ ಬಣ್ಣದ ಪುಟ್ಟ ಪಟ್ಟಿಗಳೂ ಹೌದು. ಸ್ತನ ಕ್ಯಾನ್ಸರಿನ ಬಗ್ಗೆ ಜನರನ್ನು ಎಚ್ಚರಿಸಲು, ಅದರ ಸಂಶೋಧನೆ ಮತ್ತು ಚಿಕಿತ್ಸೆಗೆ ಹಣ ಕೂಡಿಸಲು ಹೊರಡುವ ಸವಾರಿ ಇದು. ಮನೆಯ ಹೆಂಗಸರ ಕಾಯಿಲೆಯನ್ನು ಪಿಸುಮಾತಿನಲ್ಲಷ್ಟೇ ಕೇಳಿ ಬೆಳೆದ ನಮ್ಮ ಪೀಳಿಗೆಗೆ ಈ ನೋಟ ಒಂದು ಒಗಟಿನಂತೆ ಕಂಡರೆ ಆಶ್ಚರ್ಯವಿಲ್ಲ. ಈ ಕಾಯಿಲೆಯೂ ಈ ವಾಹನವೂ ಒಂದೇ ಬಾವುಟದ ಕೆಳಗೆ ಬಂದದ್ದು ಹೇಗೆ?

ಉತ್ತರ ಹುಡುಕಲು ಮೊದಲು ಒಂದು ಮೌನವನ್ನು ನೆನೆಯಬೇಕು. ಪಿಸುಮಾತು ನಮ್ಮ ದೇಶದ ಸೊತ್ತು ಮಾತ್ರವಲ್ಲ. ಸಿದ್ಧಾರ್ಥ ಮುಖರ್ಜಿಯವರು 2010ರಲ್ಲಿ ಪ್ರಕಟಿಸಿದ ಕ್ಯಾನ್ಸರಿನ ಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. 1950ರ ದಶಕದ ಆರಂಭದಲ್ಲಿ ಮಹಿಳೆಯೊಬ್ಬರು ಸ್ತನ ಕ್ಯಾನ್ಸರಿಗೆ ತುತ್ತಾದವರ ಒಂದು ಕೂಟದ ಜಾಹೀರಾತು ಕೊಡಲು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ದೂರವಾಣಿ ಮಾಡಿದರಂತೆ. ‘ಸ್ತನ’ ಎಂಬ ಪದವನ್ನಾಗಲಿ ‘ಕ್ಯಾನ್ಸರ್’ ಎಂಬ ಪದವನ್ನಾಗಲಿ ಅಚ್ಚು ಹಾಕಲಾಗದು, ಎದೆಗೂಡಿನ ಕಾಯಿಲೆ ಎಂದರಾದೀತೇ ಎಂಬ ಉತ್ತರ ಬಂದಿತಂತೆ. ಪತ್ರಿಕಾ ಸ್ವಾತಂತ್ರ್ಯದ ತವರಿನಲ್ಲಿ ನಡೆದ ಮಾತಿದು. ಅದೇ ಕಾಲದಲ್ಲಿ, 1952ರಲ್ಲಿ, ತಾವೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಟೆರೀಸ್ ಲ್ಯಾಸರ್ ಎಂಬಾಕೆ ರೋಗಿಗಳ ಹಾಸಿಗೆಯ ಬಳಿಗೇ ಹೋಗಿ ಧೈರ್ಯ ಹೇಳುವ ಕಾರ್ಯವನ್ನು ಆರಂಭಿಸಿದರು. 1972ರಲ್ಲಿ ಹಿಂದಿನ ಬಾಲನಟಿ ಶರ್ಲಿ ಟೆಂಪಲ್ ಬ್ಲ್ಯಾಕ್ ತಮ್ಮ ಕಾಯಿಲೆಯ ವಿಷಯವನ್ನು ಬಹಿರಂಗವಾಗಿ ಹೇಳಿಕೊಂಡರು. 1974ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಶಸ್ತ್ರಚಿಕಿತ್ಸೆಯಾದಾಗ ಅದನ್ನು ಮುಚ್ಚಿಡಲಿಲ್ಲ. ತರುವಾಯದ ತಿಂಗಳುಗಳಲ್ಲಿ ಪರೀಕ್ಷೆಗೆ ಬಂದ ಮಹಿಳೆಯರ ಸಂಖ್ಯೆ ಎಷ್ಟು ಏರಿತೆಂದರೆ, ರೋಗದ ಅಂಕಿ ಅಂಶಗಳ ರೇಖೆಯಲ್ಲೇ ಒಂದು ಉಬ್ಬು ಕಾಣಿಸಿಕೊಂಡಿತು. ಕಾಯಿಲೆ ಹೆಚ್ಚಿದ್ದಲ್ಲ, ಬಚ್ಚಿಟ್ಟುಕೊಂಡದ್ದು ಬೆಳಕಿಗೆ ಬಂದದ್ದು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1980ರಲ್ಲಿ ತೀರಿಕೊಂಡ ಅಕ್ಕ ಸೂಸನ್ ಕೋಮೆನ್ ಅವರ ಹೆಸರಿನಲ್ಲಿ ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಮರುವರ್ಷ ಡಲ್ಲಾಸ್ ನಗರದಲ್ಲಿ ನಿಧಿ ಸಂಗ್ರಹದ ಓಟ ನಡೆಯಿತು. 1985ರಿಂದ ಅಕ್ಟೋಬರ್ ಜಾಗೃತಿಯ ಮಾಸವಾಯಿತು. ಇನ್ನು ಗುಲಾಬಿ ಪಟ್ಟಿಯ ಕಥೆ. ಅದು ಹುಟ್ಟಿನಲ್ಲಿ ಗುಲಾಬಿಯೇ ಆಗಿರಲಿಲ್ಲ. ಕ್ಯಾಲಿಫೋರ್ನಿಯಾದ ಷಾರ್ಲಟ್ ಹೇಲಿ ಎಂಬ ವೃದ್ಧೆ ತಮ್ಮ ಊಟದ ಮೇಜಿನ ಮೇಲೆ ಪೀಚ್ ಹಣ್ಣಿನ ಬಣ್ಣದ ಪಟ್ಟಿಗಳನ್ನು ಮಾಡಿ, ಸರ್ಕಾರಿ ಕ್ಯಾನ್ಸರ್ ಸಂಸ್ಥೆಯ ಹಣದಲ್ಲಿ ಶೇಕಡ 5 ಮಾತ್ರ ತಡೆಗಟ್ಟುವಿಕೆಗೆ ಹೋಗುತ್ತಿದೆ ಎಂಬ ಚೀಟಿಯೊಡನೆ ಹಂಚುತ್ತಿದ್ದರು. 1992ರಲ್ಲಿ ಒಂದು ಮಹಿಳಾ ಪತ್ರಿಕೆ ಮತ್ತು ಒಂದು ಪ್ರಸಾಧನ ಸಂಸ್ಥೆ ಆ ಪಟ್ಟಿಯನ್ನು ಕೇಳಿದಾಗ, ಇದು ವ್ಯಾಪಾರವಾಗುತ್ತದೆಂದು ಆಕೆ ಒಪ್ಪಲಿಲ್ಲ. ವಕೀಲರ ಸಲಹೆಯಂತೆ ಬಣ್ಣ ಬದಲಾಯಿತು. ಪಟ್ಟಿ ಜಗತ್ತನ್ನು ಸುತ್ತಿತು. ಚೀಟಿ ಅಲ್ಲೇ ಉಳಿಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ.

ಈಗ ಮೋಟಾರ್ ಸೈಕಲ್ಲಿನ ಕಡೆಗೆ ತಿರುಗೋಣ. 1916ರ ಜುಲೈನಲ್ಲಿ ಅಗಸ್ಟಾ ಮತ್ತು ಅಡಲೀನ್ ವಾನ್ ಬ್ಯೂರನ್ ಎಂಬ ಸೋದರಿಯರು ಬ್ರೂಕ್ಲಿನ್ನಿನಿಂದ ಹೊರಟು, ಎರಡು ಇಂಡಿಯನ್ ಮೋಟಾರ್ ಸೈಕಲ್ಲುಗಳ ಮೇಲೆ ಸುಮಾರು 5,500 ಮೈಲಿ ಕ್ರಮಿಸಿ ಪಶ್ಚಿಮ ಕರಾವಳಿಯನ್ನು ಮುಟ್ಟಿದರು. ಯುದ್ಧಕಾಲದಲ್ಲಿ ಹೆಂಗಸರೂ ಸಂದೇಶವಾಹಕರಾಗಿ ದುಡಿಯಬಲ್ಲರೆಂದು ತೋರಿಸುವುದು ಅವರ ಉದ್ದೇಶ. ದಾರಿಯಲ್ಲಿ ಸಣ್ಣ ಊರುಗಳ ಪೊಲೀಸರು ಅವರನ್ನು ತಡೆದು ಬಂಧಿಸಿದರು. ಅಪರಾಧ, ಗಂಡಸರ ಷರಾಯಿ ತೊಟ್ಟದ್ದು! ಸಾವಿರಾರು ಮೈಲಿಯ ಸಾಹಸದ ನಂತರವೂ ಸೈನ್ಯ ಅಡಲೀನಳ ಅರ್ಜಿಯನ್ನು ತಿರಸ್ಕರಿಸಿತು. ಆಕೆ ಮುಂದೆ ಕಾನೂನು ಓದಿದಳು, ಅಗಸ್ಟಾ ವಿಮಾನ ಹಾರಿಸಲು ಕಲಿತಳು.

ಅವರ ತರುವಾಯ ಬಂದವರಲ್ಲಿ ಡಾಟ್ ರಾಬಿನ್ಸನ್ ನನಗೆ ಹೆಚ್ಚು ಪ್ರಿಯರು. 1912ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈಕೆಯ ತಂದೆ ಸೈಡ್ ಕಾರ್ ತಯಾರಿಸುವವರು. 1940ರಲ್ಲಿ ಜ್ಯಾಕ್ ಪೈನ್ ಎಂಬ ಕಠಿಣ ಸ್ಪರ್ಧೆಯ ಸೈಡ್ ಕಾರ್ ವಿಭಾಗದಲ್ಲಿ ಗೆದ್ದರು. ಲಿಂಡಾ ಡ್ಯೂಜೋ ಅವರೊಡಗೂಡಿ ‘ಮೋಟಾರ್ ಮೇಡ್ಸ್’ ಎಂಬ ಮಹಿಳಾ ಸವಾರರ ಸಂಘವನ್ನು ಕಟ್ಟಿದರು. ಅದಕ್ಕೆ 1941ರಲ್ಲಿ ಅಧಿಕೃತ ಮಾನ್ಯತೆ ದೊರೆಯಿತು. ಬೈಕ್ ಓಡಿಸುವ ಹೆಂಗಸೆಂದರೆ ಕರಿ ಚರ್ಮ ತೊಟ್ಟ ಒರಟಿ ಎಂಬ ಕಲ್ಪನೆಗೆ ಉತ್ತರವಾಗಿ ಈಕೆ ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣ ತೊಟ್ಟರು, ತಮ್ಮ ಹಾರ್ಲೆಯನ್ನೂ ಗುಲಾಬಿಯಾಗಿಸಿದರು. ರೋಗದ ಲಾಂಛನವಾಗಿ ಗುಲಾಬಿ ಪಟ್ಟಿ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಬಣ್ಣ ಮೋಟಾರ್ ಸೈಕಲ್ಲನ್ನು ಏರಿತ್ತು ಎಂಬುದು ಕಾಕತಾಳೀಯವಾದರೂ ಸೊಗಸಾದ ಸಂಗತಿ.

ಪುರುಷ ಸವಾರರಿಗೆ ಬೇರೊಂದು ಕಳಂಕವಿತ್ತು. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಊರಿನಲ್ಲಿ ಸವಾರರ ಗದ್ದಲವಾಯಿತು. ಲೈಫ್ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. 1953ರಲ್ಲಿ ಮಾರ್ಲನ್ ಬ್ರ್ಯಾಂಡೋ ಚಲನಚಿತ್ರ ಬಂತು. ಅಲ್ಲಿಗೆ ಬೈಕ್ ಸವಾರನೆಂದರೆ ಪುಂಡನೆಂದು ತೀರ್ಮಾನವಾಯಿತು. ಸವಾರರ ದಾನಯಾತ್ರೆಗಳು ಬೆಳೆದದ್ದು ಈ ಅಪಕೀರ್ತಿಯ ನೆರಳಿನಲ್ಲೇ. ಬಡಮಕ್ಕಳಿಗೆ ಕ್ರಿಸ್‌ಮಸ್ ಆಟಿಕೆಗಳನ್ನು ಒಯ್ಯುವ ಸವಾರಿಗಳು 1970ರ ದಶಕದಲ್ಲಿ ಹಬ್ಬಿದವು. 1980ರಿಂದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆ ಸ್ನಾಯುಕ್ಷಯ ಪೀಡಿತರಿಗಾಗಿ ನಿಧಿ ಕೂಡಿಸತೊಡಗಿತು. ಸ್ತನ ಕ್ಯಾನ್ಸರಿನ ಸರದಿ ಬರುವ ಹೊತ್ತಿಗೆ ದಾರಿ ಸಿದ್ಧವಾಗಿತ್ತು.

ಆ ದಾರಿಯ ಒಂದು ಮುಖ್ಯ ಘಟ್ಟ ನಾನಿರುವ ಸೀಮೆಗೆ ಸೇರಿದ್ದೆಂಬುದು ನನಗೆ ಹೆಮ್ಮೆ. ರಾಚೆಸ್ಟರ್ ನಗರದ ಸಮೀಪದ ಲೀ ರಾಯ್ ಒಂದು ಪುಟ್ಟ ಪಟ್ಟಣ. ನಮ್ಮ ಮಕ್ಕಳು ಚಪ್ಪರಿಸುವ ಜೆಲ್-ಓ ಹುಟ್ಟಿದ್ದು ಅಲ್ಲಿ. ಸ್ಯೂ ಸ್ಲೇಟ್ ಮತ್ತು ಜಿನ್ ಶಿಯರ್ ಎಂಬಿಬ್ಬರು 1984ರಲ್ಲಿ ಅಲ್ಲಿಯೇ ಮಹಿಳಾ ಮೋಟಾರ್ ಸೈಕಲ್ ಸವಾರರ ಪ್ರತಿಷ್ಠಾನವನ್ನು ಆರಂಭಿಸಿದರು. 1996ರಲ್ಲಿ ಅವರ ನೇತೃತ್ವದಲ್ಲಿ ಮಹಿಳೆಯರು ಸರದಿಯ ಮೇಲೆ ದೇಶದ ಗಡಿಯುದ್ದಕ್ಕೂ ಸವಾರಿ ಮಾಡಿ ಸ್ತನ ಕ್ಯಾನ್ಸರ್ ಸಂಶೋಧನೆಗಾಗಿ ಹಣ ಕೂಡಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಪೋನಿ ಎಕ್ಸ್‌ಪ್ರೆಸ್’. 1860ರಿಂದ 1861ರವರೆಗೆ ಮಿಸ್ಸೌರಿಯಿಂದ ಕ್ಯಾಲಿಫೋರ್ನಿಯಾಕ್ಕೆ ಕುದುರೆ ಬದಲಿಸುತ್ತ, ಸವಾರ ಬದಲಾಗುತ್ತ ಸಾಗುತ್ತಿದ್ದ ಅಂಚೆಯ ಹೆಸರದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1889ರಲ್ಲಿ ಬ್ರಿಟಿಷ್ ಇಂಡಿಯಾದ ವ್ಯವಸ್ಥೆಯಲ್ಲಿ ವಿಲೀನವಾಗುವವರೆಗೆ ನಮ್ಮ ಮೈಸೂರಿನ ಅಂಚೆಯೂ ಕೈಯಿಂದ ಕೈಗೆ ದಾಟುತ್ತಲೇ ಊರೂರನ್ನು ಮುಟ್ಟುತ್ತಿತ್ತು. ಷರಾಯಿ ತೊಟ್ಟದ್ದಕ್ಕೆ ಬಂಧನವಾಗಿ 80 ವರ್ಷ ಕಳೆದ ಮೇಲೆ, ಸಂದೇಶವಾಹಕಿಯರಾಗಲು ಹೆಂಗಸರು ಸೈನ್ಯದ ಅನುಮತಿಯನ್ನು ಕಾಯಲಿಲ್ಲ. ಅವರು ಒಯ್ದ ಸಂದೇಶ ಪತ್ರಿಕೆಗಳು ಒಂದು ಕಾಲದಲ್ಲಿ ಅಚ್ಚು ಹಾಕಲೊಪ್ಪದ ಎರಡು ಪದಗಳು.

ಸವಾರಿಯ ಕ್ರಮ ಸರಳವಾದದ್ದು. ನೋಂದಣಿಯ ಶುಲ್ಕ, ಬಂಧುಮಿತ್ರರ ವಾಗ್ದಾನದ ಹಣ, ಅಂಗಡಿಯವರ ಕಾಣಿಕೆ ಇವೇ ಆದಾಯ. ಮುಂದೆ ದಾರಿ ಬಲ್ಲ ನಾಯಕ, ಹಿಂದೆ ಕೆಟ್ಟು ನಿಂತವರನ್ನು ನೋಡಿಕೊಳ್ಳುವ ಒಬ್ಬ. ನಡುವೆ ಎರಡು ಸಾಲಿನಲ್ಲಿ, ಒಬ್ಬರ ನೇರ ಪಕ್ಕಕ್ಕೆ ಇನ್ನೊಬ್ಬರು ಬಾರದಂತೆ ಉಳಿದವರು. ಪೆಟ್ರೋಲಿಗಾಗಿ ನಿಂತಲ್ಲೆಲ್ಲ ಯಾರಾದರೂ ಬಂದು, ಎಲ್ಲಿಗೆ, ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಗಡ್ಡ ಬಿಟ್ಟ ದಢೂತಿ ಮನುಷ್ಯನೊಬ್ಬ ಅಪರಿಚಿತರ ಮುಂದೆ, ಹೆಂಡತಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಅವಳ ಹೆಸರು ಈ ಪಟ್ಟಿಯ ಮೇಲಿದೆ ಎಂದು ಸಂಕೋಚವಿಲ್ಲದೆ ಹೇಳುವುದನ್ನು ನಾನು ಕೇಳಿದ್ದೇನೆ. ನೂರು ಕರಪತ್ರ ಮಾಡದ ಕೆಲಸವನ್ನು ಆ ಒಂದು ವಾಕ್ಯ ಮಾಡುತ್ತದೆ. ನೂರು ರೋಗಿಗಳಲ್ಲಿ ಸುಮಾರು ಒಬ್ಬ ಗಂಡಸೂ ಇರುತ್ತಾನೆಂಬುದು ಬಹಳ ಜನಕ್ಕೆ ತಿಳಿದದ್ದು ಇಂಥ ಮಾತುಕತೆಗಳಿಂದಲೇ ಇರಬೇಕು.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಸವಾರಿಗಳಿಗೆ ಕಟ್ಟುವುದು ಇತಿಹಾಸವಾಗದು. ಅಮೆರಿಕದಲ್ಲಿ 1989ರಿಂದ 2022ರ ನಡುವೆ ಸ್ತನ ಕ್ಯಾನ್ಸರಿನ ಮರಣ ಪ್ರಮಾಣ ಶೇಕಡ 44ರಷ್ಟು ಇಳಿದದ್ದು ಬೇಗ ಪತ್ತೆ ಹಚ್ಚಿದ್ದರಿಂದ ಮತ್ತು ಔಷಧಗಳು ಸುಧಾರಿಸಿದ್ದರಿಂದ. ಆ ಇಳಿತವೂ ಎಲ್ಲರಿಗೂ ಸಮನಾಗಿ ಒದಗಿಲ್ಲ. ಕಪ್ಪು ಮಹಿಳೆಯರಲ್ಲಿ ರೋಗ ತುಸು ಕಡಿಮೆಯಿದ್ದರೂ ಮರಣ ಪ್ರಮಾಣ ಬಿಳಿಯರಿಗಿಂತ ಸುಮಾರು ಶೇಕಡ 38ರಷ್ಟು ಹೆಚ್ಚು. ಗುಲಾಬಿ ಬಣ್ಣದ ಸರಕುಗಳ ಸಂತೆಯನ್ನು ಕಂಡು 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ರೆಸ್ಟ್ ಕ್ಯಾನ್ಸರ್ ಆಕ್ಷನ್ ಎಂಬ ಸಂಸ್ಥೆ, ಕೊಳ್ಳುವ ಮುನ್ನ ಹಣ ಎಲ್ಲಿಗೆ ಹೋಗುತ್ತದೆಂದು ಕೇಳಿರಿ ಎಂಬ ಚಳವಳಿ ಹೂಡಿತು. ಷಾರ್ಲಟ್ ಹೇಲಿಯವರ ಚೀಟಿ ಕೊನೆಗೂ ಕೆಲವರ ಕೈಸೇರಿತು. ಸವಾರಿಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸುವ ಸವಾರಿಗೆ ಮಾತ್ರ ನಾನು ಚೆಕ್ ಬರೆಯುತ್ತೇನೆ.

ತಾಯ್ನಾಡಿನ ಮಾತು. ಮೋಟಾರ್ ಸೈಕಲ್ ನಮಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ನಮ್ಮ ಬೀದಿಗಳಿಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. ಅದು ಮುಚ್ಚಿದ್ದು, ಇಲ್ಲಿ ಪೋನಿ ಎಕ್ಸ್‌ಪ್ರೆಸ್ ಹೊರಟ ಅದೇ 1996ರಲ್ಲಿ. ಕಾಯಿಲೆಯೂ ಹೊಸದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿ 1982ರಷ್ಟು ಹಳೆಯದು; ಒಂದು ಕಾಲದಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲಿದ್ದ ಪಟ್ಟಿಯಲ್ಲಿ ಈಗ ಸ್ತನ ಕ್ಯಾನ್ಸರೇ ಮೊದಲು. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೊಸ ರೋಗಿಗಳು, ಸುಮಾರು 98,000 ಸಾವುಗಳು ಎಂದು ಅಂತರರಾಷ್ಟ್ರೀಯ ಅಂದಾಜು. ಹೊಸ ರೋಗಿಗಳ ಸಂಖ್ಯೆಯ ಅರ್ಧದಷ್ಟು ಸಾವು! ತಡವಾಗಿ ಬರುವುದೇ ಇದಕ್ಕೆ ದೊಡ್ಡ ಕಾರಣ. ದುಬಾರಿ ಯಂತ್ರವಿಲ್ಲದೆ ಏನೂ ಸಾಧ್ಯವಿಲ್ಲವೆಂದು ಕೈಚೆಲ್ಲುವಂತೆಯೂ ಇಲ್ಲ. ಮುಂಬಯಿಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮಾಡಿದ ಪರೀಕ್ಷೆಯಿಂದಲೇ 50 ದಾಟಿದವರಲ್ಲಿ ಸಾವುಗಳು ಸುಮಾರು ಶೇಕಡ 30ರಷ್ಟು ಇಳಿದವು.

ಇಲ್ಲಿ ನೆಲೆಸಿರುವ ನಮಗೆ ಯಂತ್ರವೂ ಇದೆ, ಬಹುಪಾಲು ಜನರಿಗೆ ವಿಮೆಯೂ ಇದೆ. 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ನಮ್ಮ ಸಂಘದ ಹೆಂಗಸರೊಬ್ಬರು ಗಂಟು ಕೈಗೆ ಸಿಕ್ಕ ಮೇಲೂ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು, ಸುದ್ದಿ ಹರಡಬಾರದೆಂದು. ಅವರು ಈಗ ನಮ್ಮೊಡನಿಲ್ಲ. ಅದರ ಮರುವರ್ಷ ಯುಗಾದಿಯ ಆರೋಗ್ಯ ಶಿಬಿರಕ್ಕೆ ಕನ್ನಡದಲ್ಲಿ ಒಂದು ಕರಪತ್ರ ಸಿದ್ಧವಾಯಿತು. ಶೀರ್ಷಿಕೆಯಲ್ಲಿ ‘ಸ್ತನ’ ಎಂಬ ಪದ ಬೇಡ, ‘ಮಹಿಳೆಯರ ಆರೋಗ್ಯ’ ಎಂದರೆ ಸಾಕು, ಹಿರಿಯರು ಮಕ್ಕಳು ಎಲ್ಲರೂ ಬರುವ ಹಬ್ಬ ಎಂದು ಸಮಿತಿಯಲ್ಲಿ ಒಂದು ಗಂಟೆ ಚರ್ಚೆಯಾಯಿತು. ನಾನು ನ್ಯೂಯಾರ್ಕ್ ಟೈಮ್ಸಿನ ಕಥೆಯನ್ನು ಹೇಳಿದೆ. ಕಡೆಗೆ ಆ ಪದದೊಂದಿಗೇ ಅಚ್ಚಾಯಿತು. ಬೆಲ್ಲ ಬೇವು ಹಂಚುವ ಮೇಜಿನ ಪಕ್ಕದಲ್ಲೇ ಅದನ್ನಿಟ್ಟಿದ್ದೆವು. ಪದವನ್ನು ಬಲವಾಗಿ ವಿರೋಧಿಸಿದ್ದ ಹಿರಿಯರು ಎರಡು ಪ್ರತಿಗಳನ್ನು ತೆಗೆದು, ಮಡಚಿ, ಕೋಟಿನ ಒಳಜೇಬಿಗೆ ಸೇರಿಸಿಕೊಂಡು, ‘ಒಂದು ಮನೆಗೆ, ಇನ್ನೊಂದು ತಿಪಟೂರಿಗೆ, ನನ್ನ ತಂಗಿಗೆ’ ಎಂದರು.