ಮತ್ತೆ ಕೂಡಿದವರು, ಹೊರಗುಳಿದವರು

1967ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಒಂದು ಎಲ್‌ಪಿಯ ಹೆಸರು 'ಆ್ಯನ್ ಹಿಸ್ಟಾರಿಕ್ ರಿಯೂನಿಯನ್'. ಐತಿಹಾಸಿಕ ಪುನರ್ಮಿಲನ. ಕಂಟ್ರಿ ಸಂಗೀತದ ಮೊದಲ ದೊಡ್ಡ ಮನೆತನವಾದ ಕಾರ್ಟರ್ ಕುಟುಂಬದ ಸಾರಾ ಮತ್ತು ಮೇಬೆಲ್, ಕಾಲು ಶತಮಾನದ ನಂತರ ಜೊತೆಯಾಗಿ ಹಾಡಿದ ಆಲ್ಬಂ ಅದು. ಅದನ್ನು ಕೇಳುವಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಇಲ್ಲಿ ಕೂಡಿದವರು ಯಾರು, ಹೊರಗುಳಿದವರು ಯಾರು?

ಕತೆ ಶುರುವಾದದ್ದು 1927ರ ಆಗಸ್ಟ್‌ನಲ್ಲಿ. ಟೆನೆಸ್ಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣಕ್ಕೆ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ರೆಕಾರ್ಡಿಂಗ್ ಯಂತ್ರ ತಂದಿದ್ದರು. ಎ.ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್ ಗುಡ್ಡಗಾಡಿನಿಂದ ಬಂದು ಎರಡು ದಿನದಲ್ಲಿ ಆರು ಹಾಡು ಹಾಡಿದರು. ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗ ನುಡಿಸುತ್ತ, ತೆಳು ತಂತಿಗಳಲ್ಲಿ ಲಯ ಹಿಡಿಯುವ ಮೇಬೆಲ್ ಅವರ ಗಿಟಾರ್ ಶೈಲಿ ಮುಂದೆ ಎಷ್ಟೋ ವಾದಕರಿಗೆ ಪಾಠವಾಯಿತು.

ಮೂವತ್ತರ ದಶಕದಲ್ಲಿ ಸಾರಾ ಮತ್ತು ಎ.ಪಿ. ದಾಂಪತ್ಯ ಮುರಿಯಿತು. ಮನೆ ಒಡೆದರೂ ಹಾಡು ಕೆಲ ವರ್ಷ ಒಟ್ಟಿಗೇ ನಡೆಯಿತು. 1941ರಲ್ಲಿ ಮೂವರ ಕೊನೆಯ ರೆಕಾರ್ಡಿಂಗ್. ಸಾರಾ ಎರಡನೆಯ ಗಂಡನೊಂದಿಗೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದರು. ಎ.ಪಿ. ಊರಿಗೆ ಮರಳಿ ಅಂಗಡಿ ಇಟ್ಟರು, 1960ರಲ್ಲಿ ತೀರಿಕೊಂಡರು. ಹಾಗಾಗಿ ಪುನರ್ಮಿಲನದ ಆಲ್ಬಂನಲ್ಲಿ ಅಪ್ಪನ ಮಂದ್ರ ದನಿಯ ಜಾಗದಲ್ಲಿ ಹಾಡಿದ್ದು ಮಗ ಜೋ.

ಆದರೆ ಇನ್ನೊಬ್ಬರಿದ್ದರು: ಲೆಸ್ಲಿ ರಿಡ್ಲ್. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ ಕಪ್ಪು ಗಿಟಾರ್ ವಾದಕ. ಹಾಡು ಹುಡುಕುತ್ತ ಊರೂರು ತಿರುಗುವಾಗ ಎ.ಪಿ. ಪದ ಬರೆದುಕೊಂಡರೆ, ಧಾಟಿಯನ್ನು ನೆನಪಿಟ್ಟು ತಂದದ್ದು ರಿಡ್ಲ್. ರೆಕಾರ್ಡುಗಳ ಮೇಲೆ ಬಂದದ್ದು ಮಾತ್ರ ಕಾರ್ಟರ್ ಹೆಸರು.

ರಿಡ್ಲ್ ಅವರನ್ನು ಮೇಬೆಲ್ ಮರೆತಿರಲಿಲ್ಲ. ಅವರು ಕೊಟ್ಟ ಸುಳಿವಿನಿಂದಲೇ ಸಂಗ್ರಾಹಕ ಮೈಕ್ ಸೀಗರ್ 1965ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ರಿಡ್ಲ್ ಅವರನ್ನು ಪತ್ತೆಹಚ್ಚಿ, ಅವರ ಹಾಡು ಧ್ವನಿಮುದ್ರಿಸತೊಡಗಿದರು. ಅಂದರೆ ಪುನರ್ಮಿಲನದ ಹೊತ್ತಿಗೆ ರಿಡ್ಲ್ ಬದುಕಿದ್ದರು, ಎಲ್ಲಿದ್ದಾರೆಂದೂ ಗೊತ್ತಿತ್ತು. ಆದರೂ ಆ ಆಲ್ಬಂನಲ್ಲಿ ಅವರ ಗಿಟಾರ್ ಇಲ್ಲ. ಸೀಗರ್ ಮುದ್ರಿಸಿದ ಹಾಡುಗಳು ಆಲ್ಬಂ ಆಗಿ ಬಂದದ್ದು 1993ರಲ್ಲಿ. ರಿಡ್ಲ್ ಸತ್ತು ಆಗಲೇ ಹಲವು ವರ್ಷ.

ಸಾರಾ ಮತ್ತು ಮೇಬೆಲ್ ಹಾಡಿದ್ದರ ಸೊಗಸು ಇದರಿಂದ ಕಡಿಮೆಯಾಗುವುದಿಲ್ಲ. ವಯಸ್ಸಾದ ಆ ಎರಡು ದನಿಗಳು ಒಂದನ್ನೊಂದು ಗುರುತು ಹಿಡಿಯುವುದನ್ನು ಈಗಲೂ ಆಸೆಯಿಂದ ಕೇಳುತ್ತೇನೆ. ಅದು ಮುಗಿದ ಮೇಲೆ ರಿಡ್ಲ್ ಆಲ್ಬಂ ಹಾಕುತ್ತೇನೆ. ನನ್ನ ಮಟ್ಟಿಗೆ ಕೂಟ ಪೂರ್ತಿಯಾಗುವುದು ಆಗಲೇ.